ಮಾಟುಂಗಾದಲ್ಲಿ ಎಲೆ ಹಾಕಿದ್ದಾರೆ

ಮೊದಲೇ ಒಂದು ಎಚ್ಚರಿಕೆ. ಮುಂಬಯಿಯಲ್ಲಿ ಮಾಟುಂಗಾ ಅಂತ ಒಂದು ಸ್ಟೇಷನ್ ಇದೆ, ಮಾಟುಂಗಾ ರೋಡ್ ಅಂತ ಇನ್ನೊಂದಿದೆ. ಮೊದಲನೆಯದು ಸೆಂಟ್ರಲ್ ಲೈನ್, ಎರಡನೆಯದು ವೆಸ್ಟರ್ನ್ ಲೈನ್. ನಮಗೆ ಬೇಕಾದ ಇಡ್ಲಿ ಇರುವುದು ಮೊದಲನೆಯದರ ಪೂರ್ವಕ್ಕೆ. ತಪ್ಪಿ ಎರಡನೆಯದರಲ್ಲಿ ಇಳಿದರೆ ಹಳಿಗಳ ಮೇಲಿನ ಝಡ್ ಬ್ರಿಡ್ಜ್ ಹತ್ತಿ ಈ ಕಡೆ ಬರಬೇಕು. ಬರುವಷ್ಟರಲ್ಲಿ ಹಸಿವು ಜಾಸ್ತಿಯಾಗಿರುತ್ತದೆ, ಅದೊಂದು ಲಾಭ. ಇನ್ನೊಂದು ಮಾತು, ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುವುದಿಲ್ಲ. ನಾನು 1998ರಲ್ಲಿ ಮದುವೆಯಾಗಿ ಬಂದ ಹೊಸತರಲ್ಲಿ ಫಾಸ್ಟ್ ಹತ್ತಿ, ಕಣ್ಣೆದುರೇ ಮಾಟುಂಗಾ ಓಡಿ ಹೋಗುವುದನ್ನು ನೋಡುತ್ತಾ ಕುರ್ಲಾ ತಲುಪಿದ್ದೆ. ಅಳು ಬಂದಿತ್ತು. ಊಟಕ್ಕೆ ಅಲ್ಲ, ಇಷ್ಟು ದೊಡ್ಡ ಊರಲ್ಲಿ ಹೇಗಪ್ಪಾ ಬದುಕುವುದು ಅಂತ.

ಆಮೇಲೆ ಬದುಕಿದೆ. ಅದರಲ್ಲಿ ಈ ಬಡಾವಣೆಯ ಪಾಲು ದೊಡ್ಡದು. ಮನೆ ವಡಾಲಾದಲ್ಲಿ, ಆದರೆ ವಾರಕ್ಕೊಮ್ಮೆಯಾದರೂ ಮಾಟುಂಗಾಕ್ಕೆ ಹೋಗದಿದ್ದರೆ ಏನೋ ಬಿಟ್ಟ ಹಾಗೆ. ಸಾಗರದಲ್ಲಿರುವ ಅಣ್ಣ ಫೋನ್ ಮಾಡಿದಾಗೆಲ್ಲ ಕೇಳುತ್ತಾನೆ, "ಮುಂಬಯಿಗೆ ಬಂದ್ರೆ ಎಲ್ಲಿ ಕರ್ಕೊಂಡು ಹೋಗ್ತೀಯೇ?" ಗೇಟ್‌ವೇ ಆಫ್ ಇಂಡಿಯಾ ನೀನೇ ನೋಡ್ಕೋ, ಮಾಟುಂಗಾ ನಾನು ತೋರಿಸ್ತೀನಿ ಅಂತೀನಿ. ಅವನು ಇನ್ನೂ ಬಂದಿಲ್ಲ. ಅವನಿಗೆ ಅಂತ ಬರೆದದ್ದು ಇದು, ನೀವೂ ಓದಿ.

ಊರಿನ ಹುಟ್ಟೇ ಒಂದು ಕತೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಹಳೇ ಪೇಟೆಗಳಲ್ಲಿ ಜನ ಸತ್ತರು. ಆಗ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಉತ್ತರಕ್ಕೆ ದಾದರ್, ಮಾಟುಂಗಾ, ವಡಾಲಾ ಕಡೆ ಅಗಲ ರಸ್ತೆ, ಮರ, ತೋಟ ಬಿಟ್ಟು ಹೊಸ ಬಡಾವಣೆ ಮಾಡಿತು. ಬೆಂಗಳೂರಿನವರಿಗೆ ಇದು ಹೊಸದಲ್ಲ, ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ ಪ್ಲೇಗ್‌ನಿಂದಲೇ ಅಲ್ವಾ. ಇಲ್ಲಿ ಬಂದು ನೆಲೆಸಿದವರಲ್ಲಿ ಆಫೀಸು ಕೆಲಸದ ದಕ್ಷಿಣದವರು ಬಹಳ ಜನ. ತಮಿಳರು, ಮಲಯಾಳಿಗಳು, ಕೊಂಕಣಿಗಳು, ನಮ್ಮವರು. ಅವರಿಗೆ ಬೆಳಿಗ್ಗೆ ಇಡ್ಲಿ ಬೇಕು, ಮಧ್ಯಾಹ್ನ ಸಾರನ್ನ ಬೇಕು. ಅದನ್ನು ಕೊಡಲು ಉಡುಪಿ ಕಡೆಯಿಂದ ಹುಡುಗರು ಬಂದರು. ಹಗಲು ಪಾತ್ರೆ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಓದಿದ ಹುಡುಗರು ಈ ಊರಲ್ಲಿ ಎಷ್ಟೋ.

ಅಂಥ ಒಬ್ಬರು ಎ. ರಾಮ ನಾಯಕ್. ಚಿಕ್ಕ ವಯಸ್ಸಲ್ಲೇ ಬಂದು ಅಡುಗೆಮನೆಯ ಸಣ್ಣ ಕೆಲಸದಿಂದ ಶುರು ಮಾಡಿದವರು. 1942ರಲ್ಲಿ ಅವರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ ಪಕ್ಕದಲ್ಲೇ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿದೆ. ಎಲ್ಲರೂ 'ರಾಮ ನಾಯಕ್' ಅಂತಲೇ ಕರೆಯುವುದು. ನನ್ನ ಮಟ್ಟಿಗೆ ಮಾಟುಂಗಾ ಅಂದರೆ ಮೊದಲು ಇದು, ಆಮೇಲೆ ಉಳಿದದ್ದು.

ಮೆಟ್ಟಿಲು ಹತ್ತಿ, ದುಡ್ಡು ಕೊಟ್ಟು, ಚೀಟಿ ತಗೊಂಡು ಕಾಯಬೇಕು. ತಟ್ಟೆ ಊಟ ಬೇರೆ, ಎಲೆ ಊಟ ಬೇರೆ. ದಯವಿಟ್ಟು ಎಲೆ ಊಟ ತಗೊಳ್ಳಿ. ಒಳಗೆ ಅಲಂಕಾರ ಅಂತ ಹುಡುಕಬೇಡಿ. ಟೇಬಲ್ಲು, ಬೆಳಕು, ಫ್ಯಾನು, ಸ್ವಚ್ಛ ನೆಲ, ಅಷ್ಟೇ. ಎಲೆ ಬಂದ ಕೂಡಲೇ ಹೊಸಬರು ಯಾರು ಹಳಬರು ಯಾರು ಅಂತ ಗೊತ್ತಾಗಿಬಿಡುತ್ತದೆ. ಹಳಬರು ನೀರು ಚಿಮುಕಿಸಿ, ಅಂಗೈಯಲ್ಲಿ ಒರೆಸಿ, ತುದಿ ಎಡಕ್ಕೆ ಬರುವ ಹಾಗೆ ಸರಿಮಾಡಿಕೊಂಡು ಕೂರುತ್ತಾರೆ. ಹೊಸಬರು ಫೋಟೋ ತೆಗೆಯುತ್ತಾರೆ. ಬಡಿಸುವವರು ಫೋಟೋ ಮುಗಿಯುವ ತನಕ ಬಕೆಟ್ ಹಿಡಿದು ನಿಂತಿರುತ್ತಾರೆ, ಪಾಪ.

ಬಡಿಸುವ ಕೈಯನ್ನು ನೋಡುವುದೇ ನನಗಿಷ್ಟ. ಪಲ್ಯ ಎಲೆಯ ಮೇಲೆ ಬೀಳುವುದಿಲ್ಲ, ಕೂರುತ್ತದೆ. ಅನ್ನ ಹಾಕಿ ಸೌಟಿನ ಬೆನ್ನಿಂದ ಒಂದು ಸಣ್ಣ ಗುಳಿ, ಅದರೊಳಗೆ ಸಾರು. ಒಂದು ತೊಟ್ಟೂ ಅಂಚು ದಾಟುವುದಿಲ್ಲ. ಸಾರು ಅಂದೆ ನೋಡಿ, ಅದೇ ಇಲ್ಲಿಯ ಜೀವ. ತೆಳ್ಳಗೆ, ಬಿಸಿ, ಮೆಣಸಿನ ಖಾರ ಗಂಟಲಲ್ಲಿ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ. ಎರಡನೇ ಸಲ ಅನ್ನಕ್ಕೆ ಬೇಡ, ಕೈಯೊಡ್ಡಿ ಕುಡಿಯಲಿಕ್ಕೇ ಹಾಕಿಸಿಕೊಳ್ಳುವವರಿದ್ದಾರೆ, ನನ್ನ ಹಾಗೆ. ಹುಳಿಯಲ್ಲಿ ಮಾತ್ರ ಮುಂಬಯಿ ಕಡೆಯ ಸಿಹಿ ಒಂದು ಚೂರು ಹೆಚ್ಚೇ ಅನಿಸುತ್ತದೆ. ನಮ್ಮ ಮಲೆನಾಡಿನಲ್ಲೂ ಬೆಲ್ಲ ಹಾಕುತ್ತೇವಲ್ಲ, ಹಾಗಾಗಿ ನಾನು ತಕರಾರು ಮಾಡಲ್ಲ. ಉತ್ತರ ಕರ್ನಾಟಕದ ಸ್ನೇಹಿತೆ ಪ್ರತಿ ಸಲ ಮಾಡುತ್ತಾಳೆ, ಪ್ರತಿ ಸಲ ಬರುತ್ತಾಳೆ.

ಇನ್ನೊಂದು ವಿಷಯ, ನಿಮ್ಮ ಟೇಬಲ್ಲು ನಿಮ್ಮದೊಬ್ಬರದೇ ಅಲ್ಲ. ಖಾಲಿ ಕುರ್ಚಿ ಇದ್ದರೆ ಅಲ್ಲಿ ಯಾರೋ ಬಂದು ಕೂರುತ್ತಾರೆ. ನಾನು ಟ್ಯಾಕ್ಸಿ ಓಡಿಸುವವರ ಪಕ್ಕ ಕೂತಿದ್ದೇನೆ, ಬಟ್ಟೆ ವ್ಯಾಪಾರದ ಗುಜರಾತಿಗಳ ಎದುರು ಕೂತಿದ್ದೇನೆ, ಪರೀಕ್ಷೆ ಮುಗಿಸಿ ಬಂದ ಕಾಲೇಜು ಹುಡುಗರ ಮಧ್ಯ ಸಿಕ್ಕಿಕೊಂಡಿದ್ದೇನೆ. ನಮ್ಮೂರಿನ ಪಂಕ್ತಿಗಳಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಕೂರಲೇಬಾರದು ಅನ್ನುವುದನ್ನು ನೋಡಿ ಬೆಳೆದವಳು ನಾನು. ಅದೇ ಬಾಳೆ ಎಲೆ, ಅದೇ ಸಾರು, ಅದೇ ಬಡಿಸುವ ಕ್ರಮ. ಇಲ್ಲಿ ಚೀಟಿಯ ನಂಬರು ಬಂದವರೆಲ್ಲ ಒಂದೇ ಪಂಕ್ತಿ. ಊರಲ್ಲಿ ಆಗದ್ದು ಊರು ಬಿಟ್ಟು ಬಂದವರ ಹೋಟೆಲಲ್ಲಿ ಆಯಿತು. ಮೊದಲ ಸಲ ಹೋದಾಗ ಇದು ಹೊಳೆದಿರಲಿಲ್ಲ, ಆಗ ಬರೀ ಹಸಿವಿತ್ತು.

ತಿಂಡಿಗೆ ಬೇರೆ ದಾರಿ. ಸ್ಟೇಷನ್ ಕಡೆಯ ರಾಮ್ ಆಶ್ರಯ 1939ರಿಂದ ಇದೆ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುತ್ತಾರೆ. ಮೊದಲ ಲೋಕಲ್ಲಿನವರು, ವಾಕಿಂಗ್ ಮುಗಿಸಿದ ಅಜ್ಜಂದಿರು, ರಾತ್ರಿ ಪಾಳಿ ಮುಗಿಸಿದವರು, ಎಲ್ಲರೂ ಒಂದೇ ಹೊತ್ತಿಗೆ. ಅವತ್ತಿನ ತಿಂಡಿ ಬೋರ್ಡಿನ ಮೇಲೆ ಇರುತ್ತದೆ, ಅದನ್ನು ಓದದೆ ದೋಸೆ ಅಂದುಬಿಡಬೇಡಿ. ಉಪ್ಪಿಟ್ಟು ಇಲ್ಲಿ ಮೆತ್ತಗೆ, ಬಿಸಿಬಿಸಿ. ಮದುವೆ ಮನೆಯ ಉಪ್ಪಿಟ್ಟು ನೆನೆದು ಮೂಗು ಮುರಿಯುವವರು ಒಮ್ಮೆ ತಿಂದು ನೋಡಿ. ಜೊತೆಗೆ ಶಿರಾ. ನಮ್ಮ ಕೇಸರಿಬಾತೇ, ಆದರೆ ಇವರು ಅದಕ್ಕೆ ಅನಾನಸ್ ಹಾಕುತ್ತಾರೆ. ಹಣ್ಣಿನ ತುಂಡು ಹಲ್ಲಿಗೆ ಸಿಕ್ಕಾಗ ಹುಳಿ ಚುರ್ ಅನ್ನುತ್ತದೆ. ಒಂದು ಪ್ಲೇಟು ಇಬ್ಬರಿಗೆ ಸಾಕು. ನಾನು ಒಬ್ಬಳೇ ತಿನ್ನುತ್ತೇನೆ.

ಕಿಂಗ್ಸ್ ಸರ್ಕಲ್ ಹತ್ತಿರ ಭಾವುದಾಜಿ ರಸ್ತೆಯಲ್ಲಿ ಕೆಫೆ ಮದ್ರಾಸ್. ಹೆಸರು ಮದ್ರಾಸ್, ನಡೆಸುವವರು ಕಾಮತರು, 1940ರಿಂದ. ಇಲ್ಲಿ ನೀರು ದೋಸೆ ಸಿಗುತ್ತದೆ, ರಾಗಿ ದೋಸೆ ಸಿಗುತ್ತದೆ, ಸಾರಲ್ಲಿ ಮುಳುಗಿಸಿದ ವಡೆ ಸಿಗುತ್ತದೆ. ಭಾನುವಾರ ಬೆಳಿಗ್ಗೆ ಹೊರಗಿನ ಸಾಲು ನೋಡಿದರೆ ಯಾವುದೋ ಸಿನಿಮಾ ಟಿಕೆಟ್ ಕೊಡುತ್ತಿದ್ದಾರೇನೋ ಅನಿಸುತ್ತದೆ. ವಾರದ ದಿನ ಹೋಗಿ, ಆದರೆ ಸೋಮವಾರ ಬೇಡ, ಈ ಕಡೆಯ ಹಲವು ಹೋಟೆಲುಗಳಿಗೆ ಅಂದೇ ರಜೆ.

ಮೈಸೂರು ಮಸಾಲೆ ದೋಸೆಯ ಬಗ್ಗೆ ಒಂದು ಮಾತು. ಮುಂಬಯಿಯಲ್ಲಿ ಹಾಗಂತ ಮಾರುವ ಎಷ್ಟೋ ದೋಸೆಗಳಿಗೂ ಮೈಸೂರಿಗೂ ದೂರದ ನೆಂಟಸ್ತಿಕೆ ಮಾತ್ರ. ಕೆಲವು ಕಡೆ ಬೀಟ್ರೂಟು, ಚೀಸು, ಪಾವ್‌ಭಾಜಿ ಮಸಾಲೆ ಎಲ್ಲಾ ಹಾಕಿ ಕೆಂಪಗೆ ಮಾಡುತ್ತಾರೆ. ಮಕ್ಕಳಿಗೆ ಇಷ್ಟ, ತಿನ್ನಲಿ ಬಿಡಿ. ಆದರೆ ಈ ಬೀದಿಗಳಿಗೆ ಬಂದು ಅದನ್ನೇ ಕೇಳಬೇಡಿ ಅಂತ ನನ್ನ ಮಗನಿಗೆ ಹೇಳಿ ಹೇಳಿ ಸಾಕಾಗಿದೆ.

ಎಲ್ಲವೂ ಚೆನ್ನಾಗಿದೆ ಅಂದರೆ ಸುಳ್ಳಾಗುತ್ತದೆ. ಇದೇ ಸುತ್ತಮುತ್ತಲಿನ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಎಪ್ಪತ್ತು ದಾಟಿದ ನಮ್ಮತ್ತೆ ಇನ್ನೂ ಕಾಫಿಯ ಕೊನೇ ಗುಟುಕು ಕುಡಿಯುತ್ತಿದ್ದಾಗಲೇ ಟೇಬಲ್ ಒರೆಸಿ ಬಿಲ್ಲು ಇಟ್ಟರು. ಕಾಫಿಯೂ ಉಗುರುಬೆಚ್ಚಗೆ. ಹೊರಗೆ ಜನ ಕಾಯುತ್ತಿದ್ದರು, ಅದು ನನಗೂ ಅರ್ಥವಾಗುತ್ತದೆ. ಆದರೂ ಅತ್ತೆ ಎದ್ದು ನಿಂತು ಲೋಟ ಹಿಡಿದುಕೊಂಡೇ ಕುಡಿದದ್ದು ಮನಸ್ಸಿಗೆ ಚುಚ್ಚಿತು. ಮತ್ತೆ ಅಲ್ಲಿಗೆ ಹೋಗಿಲ್ಲ.

ಕಾಫಿ ಅಂದರೆ ಮನೆಗೆ ಪುಡಿ ತರುವುದು ಮೈಸೂರು ಕನ್ಸರ್ನ್ಸ್‌ನಿಂದ. ಅಂಗಡಿ ಕಾಣುವ ಮೊದಲು ವಾಸನೆ ಸಿಗುತ್ತದೆ. ಮಳೆಗಾಲದಲ್ಲಿ, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಎಲ್ಲದರ ನಡುವೆ ಆ ಹುರಿದ ಬೀಜದ ಘಮ ಬಂದರೆ ಅರ್ಧ ದಾರಿ ಸವೆದ ಹಾಗೆ. ಮಳೆಗಾಲದಲ್ಲಿ ಹೋಗುವವರು ಆಕಾಶ ನೋಡಿಕೊಂಡು ಹೋಗಿ. ಜೋರು ಮಳೆ, ಸಮುದ್ರದ ಉಬ್ಬರ ಎರಡೂ ಒಟ್ಟಿಗೆ ಬಂದ ದಿನ ಕಿಂಗ್ಸ್ ಸರ್ಕಲ್ ಮೊಣಕಾಲುದ್ದ ನೀರು. ಒಮ್ಮೆ ನಾನು ಸೀರೆ ಎತ್ತಿ ಹಿಡಿದು, ತಲೆಯ ಮೇಲೆ ಕಾಫಿಪುಡಿ ಇಟ್ಟುಕೊಂಡು ದಾಟಿದ್ದೇನೆ. ಪುಡಿ ನೆನೆಯಲಿಲ್ಲ.

ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ, ಬಾಳೆದಿಂಡು, ಬಾಳೆಹೂವು, ಸಾಂಬಾರ್ ಈರುಳ್ಳಿ ಎಲ್ಲವೂ ಸಿಗುತ್ತವೆ. ತರಕಾರಿಯವರು ಎಲ್ಲಿಯವರಾದರೂ ಆಗಲಿ, ನುಗ್ಗೆಕಾಯಿ ಎಳೆಯದೋ ಬಲಿತದ್ದೋ ಅನ್ನುವುದನ್ನು ನಮ್ಮ ಭಾಷೆಯಲ್ಲೇ ವಾದ ಮಾಡುತ್ತಾರೆ. ಭಾಷೆ ಇಲ್ಲಿ ನೀರಿನ ಹಾಗೆ. ಹಿಂದಿಯಲ್ಲಿ ಬೆಲೆ ಕೇಳಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈದುಕೊಂಡರೆ ಆ ಕಡೆಯಿಂದ ತುಳುವಿನಲ್ಲಿ ನಗು ಬರುತ್ತದೆ. ಹುಷಾರಾಗಿರಬೇಕು.

ಬರೀ ಹೊಟ್ಟೆಯ ಊರಲ್ಲ ಇದು. ಭಾವುದಾಜಿ ರಸ್ತೆಯಲ್ಲೇ ಮೈಸೂರು ಅಸೋಸಿಯೇಷನ್ ಇದೆ, 1926ರದ್ದು. ನಾಟಕ, ಸಂಗೀತ, ಕನ್ನಡ ಉಪನ್ಯಾಸ ಏನಾದರೂ ನಡೆಯುತ್ತಿರುತ್ತದೆ. ಗಣೇಶ ಚೌತಿಗೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿ, ಅಂದರೆ ಗೌಡ ಸಾರಸ್ವತರ ಗಣಪತಿ, ಐದು ದಿನ. ಮೂರ್ತಿಯ ಮೈಮೇಲಿನ ಚಿನ್ನ ನೋಡಲು ಊರೆಲ್ಲ ಬರುತ್ತದೆ, ನನಗೆ ಕಾಣುವುದು ಸ್ವಯಂಸೇವಕರು ಸಾಲು ಸಾಲು ಊಟ ಬಡಿಸುವ ರೀತಿ. ಇನ್ನೊಂದು ನನ್ನ ಮೆಚ್ಚಿನದು, ಅಂಬೇಡ್ಕರ್ ರಸ್ತೆಯ ತುಳಪುಳೆ ಫ್ಲೈಓವರ್ ಕೆಳಗಿನ ತೋಟ. ಮೇಲೆ ಲಾರಿ ಓಡುತ್ತವೆ, ಕೆಳಗೆ ನರ್ಮದಾ ನದಿಯ ಹಾಗೆ ಬಳುಕುವ ದಾರಿಯಲ್ಲಿ ಜನ ನಡೆಯುತ್ತಾರೆ. ಆ ಜಾಗ ಪಾರ್ಕಿಂಗ್ ಆಗದಿರಲಿ ಅಂತ ಇಲ್ಲಿನ ನಿವಾಸಿಗಳು ವರ್ಷಗಟ್ಟಲೆ ಹಟ ಹಿಡಿದಿದ್ದಕ್ಕೆ ಸಿಕ್ಕಿದ್ದು ಅದು. ಸ್ಟೇಷನ್ನಿನ ಬಗ್ಗೆಯೂ ಹೇಳಬೇಕು. 2017ರಿಂದ ಅದನ್ನು ನಡೆಸುತ್ತಿರುವವರು ಪೂರ್ತಿ ಹೆಂಗಸರು. ಟಿಕೆಟ್ ಕೌಂಟರಿನಲ್ಲಿ ನಿಂತಾಗೆಲ್ಲ ನನಗೆ ಸ್ವಲ್ಪ ಜಂಬ.

ಎರಡು ವರ್ಷದ ಹಿಂದೆ ಅಮ್ಮ ಊರಿಂದ ಬಂದಿದ್ದಳು. ಹಿಂದಿ ಒಂದಕ್ಷರ ಬರಲ್ಲ. ರಾಮ ನಾಯಕ್‌ನಲ್ಲಿ ಚೀಟಿ ತಗೊಂಡು ಕೆಳಗೆ ಬಂದು ನೋಡುತ್ತೇನೆ, ಅಮ್ಮ ನಿಂತ ಜಾಗದಲ್ಲಿಲ್ಲ. ಎದೆ ಧಸಕ್ಕೆಂದಿತು. ಮಾರ್ಕೆಟ್ ಪೂರ್ತಿ ಹುಡುಕಿದೆ. ಕೊನೆಗೆ ಹೂವಿನ ಗಲ್ಲಿಯಲ್ಲಿ ಸಿಕ್ಕಿದಳು. ಮೊಗ್ಗಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಹೂ ಮಾರುವ ಹೆಂಗಸಿಗೆ ದಾರ ಬೇಡ, ಬಾಳೆನಾರಲ್ಲಿ ಕಟ್ಟಬೇಕು ಅಂತ ಪಾಠ ಮಾಡುತ್ತಿದ್ದಳು. ಅವಳು ತಮಿಳು, ಇವಳು ಕನ್ನಡ. ಇಬ್ಬರ ಬೆರಳುಗಳೂ ಒಂದೇ ಹಾಗೆ ಓಡುತ್ತಿದ್ದವು. ಎರಡು ಮೊಳ ಮಲ್ಲಿಗೆ ಕೊಂಡು, ಅರ್ಧ ಮೊಳ ಸುಮ್ನೆ ಹಾಕಿಸಿಕೊಂಡು ಎದ್ದಳು.

ಓಡಿ ಹೋಗುವಷ್ಟರಲ್ಲಿ ನಮ್ಮ ನಂಬರು ದಾಟಿತ್ತು. ಅಮ್ಮನ ಮುಡಿಯಲ್ಲಿನ ಹೂ ನೋಡಿದರೋ, ನನ್ನ ಮುಖದ ಬೆವರು ನೋಡಿದರೋ, "ಬನ್ನಿ ಬನ್ನಿ, ಎಲೆ ಹಾಕಿದೆ" ಅಂದರು. ಅಮ್ಮನ ಪಕ್ಕದಲ್ಲಿ ಇಪ್ಪತ್ತರ ಒಬ್ಬ ಹುಡುಗ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡೇ ಊಟಕ್ಕೆ ಕೂತಿದ್ದ. ಅಮ್ಮ ಒಂದೆರಡು ತುತ್ತು ತಿಂದವಳು ಅವನ ಎಲೆಯನ್ನೇ ನೋಡತೊಡಗಿದಳು. ನಾನು ಮೊಣಕೈಯಲ್ಲಿ ತಿವಿದೆ. ಕೇಳಲಿಲ್ಲ. ಬಡಿಸುವವರು ನಾಲ್ಕು ಟೇಬಲ್ ಆಚೆ ಇದ್ದರು. ನಮ್ಮ ಮನೆಯ ಚಪ್ಪರದಲ್ಲಿ ನಿಂತ ಹಾಗೆ ಅಮ್ಮ ಕೈ ಎತ್ತಿ ಕೂಗಿದಳು.

"ಏ ಮಾಣಿ, ಇಲ್ಲಿ ಈ ಹುಡುಗಂಗೆ ಅನ್ನ ಮುಗ್ದದೆ ನೋಡು!"