ಸೈಡ್ಲಿಟ್ಸ್‌ನ ಅಶ್ವದಳ: ಒಂದು ಬೋರ್ಡ್ ಗೇಮ್ ವಿಮರ್ಶೆ

ಹದಿನೆಂಟನೇ ಶತಮಾನದ ಜರ್ಮನ್ ರಾಜ್ಯವಾದ ಪ್ರಷ್ಯಾದ ಅಶ್ವದಳದ ದಂಡನಾಯಕ ಫ್ರೆಡರಿಕ್ ವಿಲ್ಹೆಲ್ಮ್ ಫಾನ್ ಸೈಡ್ಲಿಟ್ಸ್‌ನ ಕದನಗಳನ್ನು ಆಧರಿಸಿದ, ಇಬ್ಬರು ಆಡುವ ಈ ಆಟದಲ್ಲಿ ರಾಸ್‌ಬಾಖ್ ಮತ್ತು ಝೋರ್ನ್‌ಡಾರ್ಫ್ ಎಂಬ ಎರಡು ಕಾಳಗಗಳಿವೆ. ಮೊದಲನೆಯದಕ್ಕಾಗಿಯೇ ಇದನ್ನು ಕೊಳ್ಳಬಹುದು.

1757ರ ನವೆಂಬರ್ 5ರಂದು ರಾಸ್‌ಬಾಖ್‌ನಲ್ಲಿ ಸುಮಾರು 22,000 ಪ್ರಷ್ಯನ್ನರ ಎದುರು ಫ್ರೆಂಚರೂ ಪವಿತ್ರ ರೋಮನ್ ಸಾಮ್ರಾಜ್ಯದವರೂ ಸೇರಿ ಸುಮಾರು 41,000 ಮಂದಿ ಇದ್ದರು. ದೊರೆ ಎರಡನೇ ಫ್ರೆಡರಿಕ್ ತನ್ನ ಅಶ್ವದಳವನ್ನು, ಸೇವೆಯಲ್ಲಿ ಹಿರಿಯರಾದ ಇಬ್ಬರು ಜನರಲ್‌ಗಳಿದ್ದರೂ, 36ರ ಹರೆಯದ ಸೈಡ್ಲಿಟ್ಸ್‌ಗೆ ಒಪ್ಪಿಸಿದ. ಆತ 38 ಸ್ಕ್ವಾಡ್ರನ್‌ಗಳನ್ನು (ಕುದುರೆ ಸವಾರರ ತುಕಡಿಗಳನ್ನು) ಯಾನುಸ್ ಗುಡ್ಡದ ಮರೆಯಲ್ಲಿ ನಡೆಸಿಕೊಂಡು ಹೋಗಿ, ಪಯಣದ ಸಾಲಿನಲ್ಲೇ ಇದ್ದ ಶತ್ರುವಿನ ಮೇಲೆ ಬಿದ್ದ. ಆಟದಲ್ಲಿ ಪ್ರಷ್ಯಾದ ಆಟಗಾರ ಈ ನಡೆಗಳನ್ನು ಚೀಟಿಯಲ್ಲಿ ಬರೆದಿಡುತ್ತಾನೆ. ಕುದುರೆಯ ಕಾಯಿಗಳು ಗುಡ್ಡದ ನೆತ್ತಿಗೆ ಬರುವವರೆಗೆ ಎದುರಾಳಿಗೆ ಕಾಣುವುದು ಬರಿಯ ಇಳಿಜಾರು ಮಾತ್ರ. ದಾಳಿ ಗೆದ್ದ ಕೂಡಲೇ ಆ ಕಾಯಿಗಳನ್ನು ‘ಚದುರಿದ’ ಮಗ್ಗುಲಿಗೆ ತಿರುವಬೇಕು. ಓಡುತ್ತಿರುವವರ ಬೆನ್ನಟ್ಟಲು ಕೈ ತುರಿಸುತ್ತದೆಯಾದರೂ ಒಂದು ಇಡೀ ಸರದಿಯನ್ನು ವ್ಯಯಿಸಿ ಅವನ್ನು ಟಾಗೆವೆರ್ಬೆನ್ ಬಳಿಯ ತಗ್ಗಿನಲ್ಲಿ ಒಟ್ಟುಗೂಡಿಸಿದವನಿಗೆ ಎರಡನೆಯ ದಾಳಿ ದಕ್ಕುತ್ತದೆ. ಸೈಡ್ಲಿಟ್ಸ್ ಮಾಡಿದ್ದೂ ಅದನ್ನೇ. ಅವನ ಹಿರಿಮೆ ವೇಗಕ್ಕಿಂತ ಹೆಚ್ಚಾಗಿ ಈ ಹಿಡಿತದಲ್ಲಿತ್ತು ಎಂಬುದನ್ನು ವಿನ್ಯಾಸಕರು ಚೆನ್ನಾಗಿ ಬಲ್ಲರು.

ಹಾಗಿರುವಾಗ ಝೋರ್ನ್‌ಡಾರ್ಫ್ ಭಾಗ ಇಷ್ಟು ಸಡಿಲವಾಗಿರುವುದು ಬೇಸರದ ಸಂಗತಿ. 1758ರ ಆಗಸ್ಟ್ 25ರಂದು ರಷ್ಯನ್ನರ ಮೇಲೆ ಕೂಡಲೇ ನುಗ್ಗುವಂತೆ ದೊರೆಯಿಂದ ಮತ್ತೆ ಮತ್ತೆ ಆಜ್ಞೆ ಬಂದಾಗ, ಯುದ್ಧ ಮುಗಿದ ಮೇಲೆ ತನ್ನ ತಲೆ ದೊರೆಯ ವಶಕ್ಕಿದೆ, ಅಲ್ಲಿಯವರೆಗೆ ಅದನ್ನು ಅವನ ಸೇವೆಗೇ ಬಳಸಲು ಬಿಡಲಿ ಎಂದು ಸೈಡ್ಲಿಟ್ಸ್ ಉತ್ತರಿಸಿದನೆಂಬ ಮಾತು ಪ್ರಸಿದ್ಧವಾಗಿದೆ. ಆತ ತಕ್ಕ ಗಳಿಗೆಗೆ ಕಾದು ಜೌಗಾದ ಝಾಬೆರ್ನ್ ಕಮರಿಯನ್ನು ದಾಟಿ ಹೊಡೆದ. ಇಲ್ಲಿಯಾದರೋ ‘ದೊರೆಯ ಆಜ್ಞೆ’ ಎಂಬ ಎಲೆಯನ್ನು ಪಾಲಿಸದಿದ್ದರೆ ಅಂಕ ಕಳೆಯುತ್ತದೆ, ಕಾದವನಿಗೆ ಯಾವ ಲಾಭವೂ ಇಲ್ಲ; ಆದ್ದರಿಂದ ಯಾರೇ ಆಡಿದರೂ ಮೊದಲ ಕರೆಗೇ ನುಗ್ಗಿಬಿಡುತ್ತಾರೆ. ಕಮರಿಯ ಬಣ್ಣವೂ ತೀರ ತಿಳಿಯಾಗಿರುವುದರಿಂದ ಅದು ಬಯಲಿನಂತೆಯೇ ಕಾಣುತ್ತದೆ.

ಮರದ ಕಾಯಿಗಳು ಗಟ್ಟಿಯಾಗಿವೆ, ನಿಯಮಗಳ ಪುಸ್ತಿಕೆ ಸ್ಪಷ್ಟವಾಗಿದೆ. ಸೈಡ್ಲಿಟ್ಸ್ ಅಶ್ವದಳದ ಜೊತೆಗೆ ಕಾಲಾಳುಗಳನ್ನೂ ಮುನ್ನಡೆಸಿದ 1762ರ ಫ್ರೈಬರ್ಗ್ ಕದನವನ್ನು ಪ್ರಕಾಶಕರು ಮುಂದಿನ ಆವೃತ್ತಿಯಲ್ಲಿ ಸೇರಿಸಬೇಕು. ಅದಕ್ಕೂ ಮುಂಚೆ ಆಜ್ಞೆಯ ಎಲೆಯ ನಿಯಮವನ್ನು ತಿದ್ದಬೇಕು.