ಹ್ಯಾರಿ ಪೋಪ್ ಅವರ ನಳಿಗೆ: ಎರಡು ದಿನ ಗುಂಡು ಹಾರಿಸಿ ನೋಡಿದ ಮೇಲೆ

ಪೆನ್ಸಿಲ್ವೇನಿಯಾದ ನಮ್ಮ ಕ್ಲಬ್ಬಿನ ಹಿರಿಯರೊಬ್ಬರ ಬಳಿ ಮಾರ್ಲಿನ್ ಕಂಪನಿಯ ಹಳೆಯ ಬಲ್ಲಾರ್ಡ್ ರೈಫಲ್ ಒಂದಿದೆ. ಅದಕ್ಕೆ ಕೂಡಿಸಿರುವ .32-40 ಅಳತೆಯ ನಳಿಗೆ ಅಮೆರಿಕದ ಹಿಂದಿನ ಕಾಲದ ಹೆಸರಾಂತ ನಳಿಗೆ ತಯಾರಕ ಹ್ಯಾರಿ ಪೋಪ್ ಅವರ ಕೈಕೆಲಸ. ಕಳೆದ ಅಕ್ಟೋಬರಿನಲ್ಲಿ ಎರಡು ದಿನ ಅದನ್ನು ನನ್ನ ವಶಕ್ಕೆ ಬಿಟ್ಟುಕೊಟ್ಟ ಅವರ ಔದಾರ್ಯದಿಂದಲೇ ಈ ವಿಮರ್ಶೆ ಸಾಧ್ಯವಾಯಿತು. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ಮನೆಯಲ್ಲಿ ಬೆಳೆದ ನನಗೆ ಹಳೆಯ ಕೋವಿಯ ಮೇಲೆ ಗೌರವ ಹೊಸದಲ್ಲ. ಆದರೆ ಇಷ್ಟು ನಿಖರವಾದ ಹಳೆಯ ಕೋವಿಯನ್ನು ನಾನು ಮೊದಲು ಹಿಡಿದಿರಲಿಲ್ಲ.

ನಾನು ಅದನ್ನು ಹಾರಿಸಿ ನೋಡಿದ್ದು ಬೆಂಚ್‌ರೆಸ್ಟ್ ಕ್ರಮದಲ್ಲಿ. ಬೆಂಚ್‌ರೆಸ್ಟ್ ಎಂದರೆ ಮೇಜಿನ ಮೇಲೆ ಆಸರೆಗೆ ರೈಫಲ್ ಇಟ್ಟು, ಹಲವು ಗುಂಡುಗಳನ್ನು ಸಾಧ್ಯವಾದಷ್ಟೂ ಒಂದೇ ತೂತಿನ ಸುತ್ತ ಕೂರಿಸುವ ಸ್ಪರ್ಧೆ. ಅಲ್ಲಿ ಕೈನಡುಕಕ್ಕೆ ಹೆಚ್ಚು ಪಾಲಿಲ್ಲದ ಕಾರಣ ನಳಿಗೆಯ ದೋಷ ಕೂಡಲೇ ಬಯಲಾಗುತ್ತದೆ. ಪೋಪ್ ಅವರ ನಳಿಗೆಯಲ್ಲಿ ಗುಂಡಿಗೆ ಸುತ್ತು ಕೊಡಲು ಒಳಗೋಡೆಯಲ್ಲಿ ಕೊರೆದ, ಎಡಕ್ಕೆ ತಿರುಗುವ ಎಂಟು ತೋಡುಗಳಿವೆ. ಹಿಂಬದಿಯಲ್ಲಿ ಸಡಿಲವಾಗಿರುವ ಅವುಗಳ ತಿರುಚು ಬಾಯಿಯ ಕಡೆಗೆ ಬರುತ್ತ ಬಿಗಿಯಾಗುತ್ತದೆ, ಮತ್ತು ಒಳವ್ಯಾಸ ಬಾಯಿಯ ಬಳಿ ಕೂದಲೆಳೆಯಷ್ಟು ಕಿರಿದಾಗುತ್ತದೆ. ಶುಚಿ ಮಾಡಲು ಬಿಗಿಯಾದ ಬಟ್ಟೆಯ ತುಂಡನ್ನು ಸರಳಿನಿಂದ ತಳ್ಳಿದಾಗ ಆ ಬಿಗಿತ ಎಲ್ಲಿಯೂ ಮುಗ್ಗರಿಸದೆ, ಒಂದೇ ಸಮನೆ ಏರುತ್ತ ಹೋಗುವುದು ಅಂಗೈಗೆ ತಿಳಿಯುತ್ತದೆ.

ಇದರಲ್ಲಿ ಮದ್ದು ತುಂಬಿದ ತೋಟೆ ಹಿಂದಿನಿಂದ ಹೋಗುತ್ತದೆ, ಸೀಸದ ಗುಂಡು ಮಾತ್ರ ಮುಂದಿನಿಂದ ಇಳಿಯುತ್ತದೆ. ಅದಕ್ಕಾಗಿ ಇರುವುದು ಸುಳ್ಳುಬಾಯಿ. ತೋಡು ಕೊರೆಯುವ ಮೊದಲೇ ನಳಿಗೆಯ ತುದಿಯಿಂದ ಒಂದು ತುಂಡನ್ನು ಕತ್ತರಿಸಿ, ಸಣ್ಣ ಗೂಟಗಳಿಂದ ಮತ್ತೆ ಅಲ್ಲೇ ಕೂಡಿಸಿ, ಎರಡಕ್ಕೂ ಒಟ್ಟಿಗೆ ತೋಡು ಕೊರೆಯಲಾಗಿರುತ್ತದೆ. ಆದ್ದರಿಂದ ಅದನ್ನು ತೊಡಿಸಿದಾಗ ಒಳಗಿನ ಗೆರೆಗಳು ಗೆರೆಗೆ ಗೆರೆ ಕೂಡುತ್ತವೆ. ಗುಂಡನ್ನು ಬುಡ ಮುಂದಾಗಿ ಈ ತುಂಡಿನಲ್ಲಿಟ್ಟು, ಸರಳಿನಿಂದ ತೋಟೆಯ ಕೋಣೆಯ ಹೊಸ್ತಿಲವರೆಗೆ ತಳ್ಳಬೇಕು. ತೋಡುಗಳು ಸೀಸವನ್ನು ಗೀರಿದಾಗ ಏಳುವ ಮುಳ್ಳುಗಳೆಲ್ಲ ಮೂತಿಯ ಕಡೆಗೆ ಸರಿದು, ಗುಂಡಿನ ಬುಡ ನುಣುಪಾಗಿಯೇ ಉಳಿಯುತ್ತದೆ. ಗುಂಡು ನಳಿಗೆಯ ಬಾಯಿ ಬಿಡುವ ಗಳಿಗೆಯಲ್ಲಿ ಹಿಂದಿನ ಹೊಗೆ ಅದನ್ನು ಎಲ್ಲ ಕಡೆಯಿಂದ ಸಮನಾಗಿ ತಳ್ಳಬೇಕಾದರೆ ಬುಡ ಚೊಕ್ಕವಾಗಿರಲೇಬೇಕು.

ಕೊಲರಾಡೊದ ಬೌಲ್ಡರ್‌ನಲ್ಲಿ ಸಿ. ಡಬ್ಲ್ಯು. ರೋಲೆಂಡ್ ಅವರು 1901ರಲ್ಲಿ ಪೋಪ್ ನಳಿಗೆಯನ್ನು ಆಸರೆಯ ಮೇಲಿಟ್ಟು 200 ಗಜ ದೂರಕ್ಕೆ ಹಾರಿಸಿದ 10 ಗುಂಡುಗಳು 0.725 ಇಂಚಿನೊಳಗೆ ಬಿದ್ದವು. ಅದು ಗುಂಡುಗಳ ನಡುಬಿಂದುಗಳ ನಡುವಿನ ಅಳತೆ. ತೂತುಗಳ ಅಂಚನ್ನೂ ಸೇರಿಸಿದರೆ ನಮ್ಮ ಹತ್ತು ರೂಪಾಯಿ ನಾಣ್ಯ ಹೆಚ್ಚುಕಡಿಮೆ ಅವೆಲ್ಲವನ್ನೂ ಮುಚ್ಚುತ್ತದೆ. ನನ್ನ ಅತ್ಯುತ್ತಮ ಗುಂಪು ಒಂದೂಮುಕ್ಕಾಲು ಇಂಚು. ಆ ಮಧ್ಯಾಹ್ನದ ಅಡ್ಡಗಾಳಿಯನ್ನು ನಾನು ಸರಿಯಾಗಿ ಓದಲಿಲ್ಲ. ಇದರಲ್ಲಿ ನಳಿಗೆಯದು ಯಾವ ತಪ್ಪೂ ಇಲ್ಲವೆಂದು ನನ್ನ ದೃಢವಾದ ನಂಬಿಕೆ.

ಇನ್ನು ಸೇವೆಯ ಮಾತು. 1861ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್‌ನ ತಾಂತ್ರಿಕ ವಿದ್ಯಾಲಯ ಎಂಐಟಿಯಲ್ಲಿ ಓದಿ, ಹಾರ್ಟ್‌ಫರ್ಡ್‌ನ ಸೈಕಲ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ನಳಿಗೆ ಮಾಡತೊಡಗಿದವರು ಪೋಪ್. 1901ರಲ್ಲಿ ಕೋವಿ ತಯಾರಿಸುವ ಸ್ಟೀವನ್ಸ್ ಕಂಪನಿ ಸೇರಿ, ಕೆಲವೇ ವರ್ಷಗಳಲ್ಲಿ ಅದನ್ನೂ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಅಂಗಡಿ ಹಾಕಿದರು. 1906ರ ಏಪ್ರಿಲ್‌ನ ಭೂಕಂಪ ಮತ್ತು ಬೆಂಕಿಯಲ್ಲಿ ಅದು ನಾಶವಾಯಿತು. ನಡುವಯಸ್ಸು ದಾಟಿದವರು ಮತ್ತೆ ಮೊದಲಿನಿಂದ ಶುರುಮಾಡಿ, ಜರ್ಸಿ ಸಿಟಿಯ ಮೋರಿಸ್ ಸ್ಟ್ರೀಟಿನ 18ನೇ ನಂಬರಿನ ಕಟ್ಟಡದಲ್ಲಿ ದಶಕಗಳ ಕಾಲ ದುಡಿದರು. ಕೆಲಸ ಮುಗಿಯುವ ದಿನದ ಭರವಸೆ ಇಲ್ಲ, ಚೆನ್ನಾಗಿ ಆದಾಗ ಒಯ್ಯಬಹುದು, ಇಲ್ಲವಾದರೆ ಬೇರೆ ಕಡೆ ಹೋಗಬಹುದು ಎಂಬ ಅರ್ಥದ ಫಲಕ ಅವರ ಬಾಗಿಲಲ್ಲಿ ತೂಗುತ್ತಿತ್ತು. ಗಿರಾಕಿಗಳು ವರ್ಷಗಟ್ಟಲೆ ಕಾಯುತ್ತಿದ್ದರು.

ಮೊದಲು ಓದಿದಾಗ ನನಗೆ ಇದು ದರ್ಪವೆನ್ನಿಸಿತ್ತು. ಆ ಅಭಿಪ್ರಾಯ ಬದಲಾದದ್ದು ನಾಲ್ಕು ವರ್ಷಗಳ ಹಿಂದೆ. ಹೆಸರು ಹೇಳಲು ಬಯಸದ ಒಂದು ವರ್ಕ್‌ಶಾಪಿನವರು ನನ್ನ ಸ್ಪರ್ಧೆಯ ರೈಫಲ್ಲಿಗೆ ಹೊಸ ನಳಿಗೆಯನ್ನು ಹೇಳಿದ ದಿನಕ್ಕೇ ಕೂಡಿಸಿ ಕೊಟ್ಟರು, ಆದರೆ ತೋಟೆಯ ಕೋಣೆ ನಳಿಗೆಯ ನಡುಗೆರೆಗೆ ಕೂಡಿರಲಿಲ್ಲ. ಒಂದು ಇಡೀ ಋತು ನಾನು ಮದ್ದು, ಗುಂಡು, ಟೆಲಿಸ್ಕೋಪು ಎಲ್ಲವನ್ನೂ ಬದಲಿಸಿ ನೋಡಿ, ಕೊನೆಗೆ ಡಯಲ್ ಗೇಜ್ ಇಟ್ಟು ಅಳೆದಾಗ ಮುಳ್ಳು ಓಲಾಡಿತು. ತೋಡು ಕೊರೆಯುವ ಉಳಿ ಒಂದೊಂದು ಸಲಕ್ಕೆ ಇಂಚಿನ ಹತ್ತುಸಾವಿರದ ಒಂದು ಭಾಗದಷ್ಟೇ ಉಕ್ಕನ್ನು ತೆಗೆಯಬಲ್ಲದು. ಅವಸರ ಮಾಡಿದರೆ ಎಂಟು ತೋಡುಗಳ ಆಳ ಎಂಟು ಬಗೆಯಾಗುತ್ತದೆ. ಪೋಪ್ ಅವರ ಫಲಕದ ಮಾತಿನಲ್ಲಿ ಗಿರಾಕಿಯ ಬಗ್ಗೆ ತಾತ್ಸಾರವಿಲ್ಲ, ಉಕ್ಕಿನ ಸ್ವಭಾವ ಬಲ್ಲವರ ಪ್ರಾಮಾಣಿಕತೆಯಿದೆ ಎಂದು ಈಗ ನಾನು ಒಪ್ಪುತ್ತೇನೆ.

ಕೊಳ್ಳಬಯಸುವವರು ಸುಳ್ಳುಬಾಯಿ ಜೊತೆಗಿದೆಯೇ, ಗೂಟಗಳು ಸಡಿಲವಿಲ್ಲದೆ ಕೂರುತ್ತವೆಯೇ ಎಂದು ಮೊದಲು ನೋಡಬೇಕು. ಅದು ಕಳೆದುಹೋಗಿದ್ದರೆ ಈ ನಳಿಗೆಯ ಅರ್ಧ ಬೆಲೆ ಹೋದಂತೆ. ಬಳಸುವಾಗಿನ ದೊಡ್ಡ ಅಪಾಯವೂ ಅದರದೇ: ತೆಗೆಯಲು ಮರೆತು ಕೋವಿಯ ಕುದುರೆ (ಟ್ರಿಗರ್) ಎಳೆದರೆ ಆ ತುಂಡು ಗುಂಡಿನೊಂದಿಗೆ ಹಾರಿಹೋಗುತ್ತದೆ. ಬೇಗ ಬೇಗ ಹಾರಿಸುವವರಿಗೆ ಇದು ಹೊಂದುವುದಿಲ್ಲ, ನನಗೆ ಹತ್ತು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಪೋಪ್ ಅವರು 1950ರಲ್ಲಿ ತೀರಿಕೊಂಡರು. ಅಮೆರಿಕದ ರಾಷ್ಟ್ರೀಯ ಬೆಂಚ್‌ರೆಸ್ಟ್ ಸಂಘ ಹುಟ್ಟಿದ್ದು ಅದರ ಮರುವರ್ಷ. ಇಂದಿಗೂ ಸ್ಪರ್ಧೆಯ ನಳಿಗೆಗಳಲ್ಲಿ ಹಲವನ್ನು ಒಂದೇ ಉಳಿಯಿಂದ ಕೊರೆಯುತ್ತಾರೆ, ಬಾರ್ಟ್ಲೈನ್‌ನಂಥ ಕಂಪನಿಗಳು ಬಿಗಿಯಾಗುತ್ತ ಹೋಗುವ ತಿರುಚನ್ನೂ ಮಾಡಿಕೊಡುತ್ತವೆ. ಎರಡನೆಯ ದಿನ ಸಂಜೆ ನಾನು ರೈಫಲ್ ಹಿಂತಿರುಗಿಸಿದಾಗ ಆ ಹಿರಿಯರು ನನ್ನ ಗುರಿಹಲಗೆಯ ಕಾಗದ ನೋಡುವ ಮೊದಲು ಸುಳ್ಳುಬಾಯಿಯನ್ನು ಕೇಳಿ ತೆಗೆದುಕೊಂಡು, ಎಣ್ಣೆಬಟ್ಟೆಯಲ್ಲಿ ಸುತ್ತಿ, ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು.