ಕರಿದೆಣ್ಣೆಯ ಬಯೋಡೀಸೆಲ್: ಹಳೆಯ ಲಾರಿಯಲ್ಲಿ ಬಳಸಿ ಕಂಡದ್ದು

ಹೋಟೆಲು, ಬೇಕರಿ, ಚಿಪ್ಸ್ ಅಂಗಡಿಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ತಯಾರಾದ ಬಯೋಡೀಸೆಲ್ಲನ್ನು ಶೇ. 20ರಷ್ಟು ಡೀಸೆಲ್‌ಗೆ ಬೆರೆಸಿ, ಹಾಸನದಿಂದ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಸರಕು ಒಯ್ಯುವ ನಮ್ಮ ಲಾರಿಯಲ್ಲಿ ಮಳೆಗಾಲದಿಂದ ಚಳಿಗಾಲದವರೆಗೆ ಬಳಸಿದ್ದೇವೆ. ಇದು ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಣದಲ್ಲಿ ಅಧಿಕ ಒತ್ತಡದಿಂದ ಇಂಧನ ಚಿಮ್ಮಿಸುವ ವ್ಯವಸ್ಥೆ) ಬರುವುದಕ್ಕೂ ಹಿಂದಿನ, ಯಾಂತ್ರಿಕ ಪಂಪಿನ ಎಂಜಿನ್. ಇಲ್ಲಿ ಬರೆದಿರುವ ಮೆಚ್ಚುಗೆ ಅಂಥ ಎಂಜಿನ್ನಿಗೆ ಮಾತ್ರ ಸಲ್ಲುತ್ತದೆ.

ಎಣ್ಣೆಯನ್ನು ಸೋಸಿ ನೇರವಾಗಿ ಟ್ಯಾಂಕಿಗೆ ಸುರಿದರೆ ಸಾಲದೇ ಎಂದು ಅನೇಕ ಲಾರಿ ಮಾಲೀಕರು ಕೇಳುತ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿದ್ದು ನಿಜ. ಆದರೆ ಅಡುಗೆ ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತನ, ಡೀಸೆಲ್ಲಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಾದ್ದರಿಂದ, ಇಂಧನ ಚಿಮ್ಮಿಸುವ ನಾಜಲ್ ಅದನ್ನು ಮಂಜಿನಂತೆ ಸಿಂಪಡಿಸಲಾರದೆ ದಪ್ಪ ಹನಿಗಳಾಗಿ ಚೆಲ್ಲುತ್ತದೆ. ಪೂರ್ತಿ ಉರಿಯದ ಎಣ್ಣೆ ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಮಸಿಗಟ್ಟುತ್ತದೆ, ಮಿಕ್ಕದ್ದು ಕೆಳಗಿಳಿದು ಎಂಜಿನ್ ಆಯಿಲನ್ನು ಕೆಡಿಸುತ್ತದೆ. ಎರಡನೆಯ ಟ್ಯಾಂಕು ಕೂರಿಸಿ, ರೇಡಿಯೇಟರಿನ ಬಿಸಿನೀರಿನಿಂದ ಎಣ್ಣೆಯನ್ನು 70–80 ಡಿಗ್ರಿಗೆ ಕಾಯಿಸಿ, ಹೊರಡುವಾಗಲೂ ನಿಲ್ಲಿಸುವ ಮುನ್ನವೂ ಡೀಸೆಲ್ಲಿನಲ್ಲೇ ಓಡಿಸುವ ವಿಧಾನವೊಂದಿದೆ. ದಿನವಿಡೀ ನಿಲ್ಲದೆ ಓಡುವ ಗಾಡಿಗೆ ಅದು ಒಗ್ಗೀತು; ಅಂಗಡಿ ಅಂಗಡಿಗೆ ನಿಂತು ಸರಕು ಇಳಿಸುವವರಿಗೆ ಅದನ್ನು ನಾನು ಖಂಡಿತ ಹೇಳುವುದಿಲ್ಲ.

ಬಯೋಡೀಸೆಲ್ಲಿನ ವಿಷಯ ಬೇರೆ. ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದೊಂದಿಗೆ ಬೆರೆಸಿ ಬಿಸಿ ಮಾಡಿದಾಗ ಗ್ಲಿಸರಿನ್ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಮೇಲೆ ಉಳಿಯುವ ತಿಳಿಯಾದ ಇಂಧನದ ಸ್ನಿಗ್ಧತೆ ಡೀಸೆಲ್ಲಿಗೆ ಹತ್ತಿರವಿರುತ್ತದೆ. ಆದರೆ ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚಿರುವುದರಿಂದ ಅದು ಕ್ಷಾರದೊಡನೆ ಸೇರಿ ಸಾಬೂನಾಗುತ್ತದೆ, ಆ ಸಾಬೂನನ್ನು ತೊಳೆದು ತೆಗೆಯದ ಮಾಲು ನೋಡಲು ಹೊಂಬಣ್ಣದ್ದಾಗಿದ್ದರೂ ಪಂಪಿಗೆ ಶತ್ರು. ಕೊಳ್ಳುವ ಮುನ್ನ ಬಯೋಡೀಸೆಲ್ಲಿನ ಭಾರತೀಯ ಮಾನದಂಡವಾದ ಐಎಸ್ 15607ರಂತೆ ನಡೆಸಿದ ಪರೀಕ್ಷೆಯ ವರದಿ ಕೇಳಬೇಕು, ಅದರಲ್ಲಿ ಆಮ್ಲಾಂಕ (ಉಳಿದಿರುವ ಆಮ್ಲದ ಅಳತೆ) 0.5ನ್ನೂ ನೀರಿನ ಅಂಶ ಕಿಲೋಗೆ 500 ಮಿಲಿಗ್ರಾಮನ್ನೂ ಮೀರಿರಬಾರದು. ಅಲ್ಲಿಯೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ: ಗಾಜಿನ ಬಾಟಲಿಯಲ್ಲಿ ಬೆರೆಸದ ಬಯೋಡೀಸೆಲ್ಲಿಗೆ ಸಮನಾಗಿ ನೀರು ಹಾಕಿ ಜೋರಾಗಿ ಕುಲುಕಿ ಇಡಿ. ಒಳ್ಳೆಯ ಮಾಲು ಬೇಗನೆ ಎರಡು ಸ್ಪಷ್ಟ ಪದರಗಳಾಗುತ್ತದೆ, ಸಾಬೂನು ಉಳಿದಿದ್ದರೆ ನಡುವೆ ಬಿಳಿ ಕೆನೆಯಂಥ ಪದರ ಕರಗದೆ ನಿಲ್ಲುತ್ತದೆ. ನಾವು ಕೊಳ್ಳುವ ಸಣ್ಣ ಘಟಕದವರು ಈ ಪರೀಕ್ಷೆಯನ್ನು ಕೇಳುವ ಮೊದಲೇ ಮಾಡಿ ತೋರಿಸಿದರು. ನಾನು ಅವರನ್ನು ನಂಬಿದ್ದು ಅದರಿಂದಲೇ.

ಪೂರ್ತಿ ಲೋಡಿನಲ್ಲಿ ಘಾಟಿ ಹತ್ತುವಾಗ ಎಳೆತ ಕಡಿಮೆಯಾದಂತೆ ಚಾಲಕನಿಗೆ ಅನಿಸಲಿಲ್ಲ. ಬಯೋಡೀಸೆಲ್ಲಿನ ಶಾಖಶಕ್ತಿ ಡೀಸೆಲ್ಲಿಗಿಂತ ಕಡಿಮೆಯೇ, ಆದರೆ ಐದನೇ ಒಂದು ಪಾಲಿನ ಮಿಶ್ರಣದಲ್ಲಿ ಆ ಕೊರತೆ ಮೈಲೇಜಿನಲ್ಲಿ ಎದ್ದು ಕಾಣುವಷ್ಟಿಲ್ಲ. ಏರಿನಲ್ಲಿ ಉಗುಳುತ್ತಿದ್ದ ಕಪ್ಪು ಹೊಗೆ ಕಣ್ಣಿಗೆ ಕಾಣುವಷ್ಟು ತಗ್ಗಿದೆ. ಬಯೋಡೀಸೆಲ್ಲಿನಲ್ಲಿಯೇ ಶೇ. 10ಕ್ಕೂ ಮೀರಿ ಆಮ್ಲಜನಕವಿದ್ದು, ಇಂಧನ ಹೆಚ್ಚು ಪೂರ್ತಿಯಾಗಿ ಉರಿಯುವುದು ಅದಕ್ಕೆ ಕಾರಣ. ಆರಂಭದಲ್ಲಿ ಫಿಲ್ಟರ್ ಬೇಗ ಕಟ್ಟಿಕೊಂಡಿತು. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಗಸಿಯನ್ನು ಬಯೋಡೀಸೆಲ್ ಕರಗಿಸಿ ಎಬ್ಬಿಸುವುದರಿಂದ ಹೀಗಾಗುತ್ತದೆ. ಟ್ಯಾಂಕು ತೊಳೆಸಿ ಶುರು ಮಾಡುವುದು, ಒಂದು ಫಿಲ್ಟರನ್ನು ಗಾಡಿಯಲ್ಲೇ ಇಟ್ಟಿರುವುದು ಒಳ್ಳೆಯದು. ಹಳೆಯ ರಬ್ಬರ್ ಹೋಸುಗಳನ್ನೂ ಬದಲಿಸಿದರೆ ಕ್ಷೇಮ.

ನನಗೆ ನಿಜವಾಗಿಯೂ ಕಾಳಜಿ ಹುಟ್ಟಿಸಿದ್ದು ಚಳಿ. ನಮ್ಮ ಕಡೆಯ ಬಾಣಲೆಗಳಲ್ಲಿ ಹೆಚ್ಚಾಗಿ ಕಾಯುವುದು ತಾಳೆ ಎಣ್ಣೆಯಿಂದಾದ ಪಾಮೋಲಿನ್. ಅದರಿಂದಾದ ಬಯೋಡೀಸೆಲ್ ಬೆರೆಸದೆ ಇದ್ದರೆ ಸಕಲೇಶಪುರದ ಡಿಸೆಂಬರ್ ಬೆಳಗಿಗೇ ಮಸುಕಾಗಿ ಹರಳುಗಟ್ಟಲು ತೊಡಗುತ್ತದೆ. ಶೇ. 20ರ ಮಿಶ್ರಣದಲ್ಲಿ ನಮಗೆ ತೊಂದರೆಯಾಗಲಿಲ್ಲ, ಆದರೂ ಚಳಿಗಾಲದಲ್ಲಿ ಪ್ರಮಾಣವನ್ನು ಇಳಿಸಿದ್ದೇವೆ, ತಿಂಗಳುಗಟ್ಟಲೆ ದಾಸ್ತಾನು ಮಾಡುವುದನ್ನೂ ಬಿಟ್ಟಿದ್ದೇವೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆಯ ಮಾಲಿನ್ಯದ ಬಿಗಿಯಾದ ಮಾನದಂಡ) ಲಾರಿಗಳಿಗೆ ಈ ಮಿಶ್ರಣ ಬೇಡ. ಹೊಗೆಕೊಳವೆಯ ಮಸಿ ಫಿಲ್ಟರನ್ನು ಸುಟ್ಟು ಶುಚಿಗೊಳಿಸಲು ಸಿಲಿಂಡರಿಗೆ ಹೆಚ್ಚುವರಿ ಇಂಧನ ಚಿಮ್ಮಿಸುವ ಎಂಜಿನ್ನುಗಳಲ್ಲಿ, ಸುಲಭವಾಗಿ ಆವಿಯಾಗದ ಬಯೋಡೀಸೆಲ್ ಗೋಡೆಗಳಿಂದ ಇಳಿದು ಎಂಜಿನ್ ಆಯಿಲನ್ನು ಸೇರುತ್ತದೆ. ಕಂಪನಿಯ ಕೈಪಿಡಿ ಎಷ್ಟು ಪಾಲನ್ನು ಒಪ್ಪಿದೆಯೋ ಅಷ್ಟಕ್ಕೇ ನಿಲ್ಲಬೇಕು. ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿ ಬಯೋಡೀಸೆಲ್ ಮಾರಾಟಕ್ಕೆ ಅವಕಾಶ ಕೊಟ್ಟಿರುವುದು ಡೀಸೆಲ್‌ಗೆ ಬೆರೆಸುವುದಕ್ಕಾಗಿ. ಬಿಲ್ಲಿಲ್ಲದೆ ಡ್ರಮ್ಮಿನಲ್ಲಿ ಮಾರುವವರಿಂದ ದೂರವಿರಬೇಕು.

ಮತ್ತೆ ಮತ್ತೆ ಕಾದಾಗ ಎಣ್ಣೆ ಕೆಟ್ಟು ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ. 25ನ್ನು ದಾಟಿದ ಎಣ್ಣೆಯಲ್ಲಿ ಅಡುಗೆ ಮಾಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಷೇಧಿಸಿದೆ. ಅಂಥ ಎಣ್ಣೆ ಅಗ್ಗದ ಬೆಲೆಗೆ ಇನ್ನೊಬ್ಬರ ಬಾಣಲೆ ಸೇರಿ ಮಕ್ಕಳ ಹೊಟ್ಟೆಗೆ ಹೋಗುವ ಬದಲು ಲಾರಿಯ ಟ್ಯಾಂಕಿಗೆ ಬರುವುದೇ ನನಗೆ ಈ ಇಂಧನದ ದೊಡ್ಡ ಗುಣವಾಗಿ ಕಾಣುತ್ತದೆ. ಹಣದ ಉಳಿತಾಯ ಅಷ್ಟು ದೊಡ್ಡದಲ್ಲ: ಲೀಟರಿನ ಬೆಲೆಯ ಅಂತರದಲ್ಲಿ ಹೆಚ್ಚುವರಿ ಫಿಲ್ಟರುಗಳ ಖರ್ಚು ಕಳೆದ ಮೇಲೂ ಏನಾದರೂ ಉಳಿಯುವುದಾದರೆ, ಯಾಂತ್ರಿಕ ಪಂಪಿನ ಲಾರಿ ಇರುವವರು ಶೇ. 10ರಿಂದ ಆರಂಭಿಸಬಹುದು.